ಹಾಲು ಕಟ್ಟಿದ ದಿನಗಳು

ಏಪ್ರಿಲ್ ೭, ಸೋಮವಾರ

ಮನೆಯಲ್ಲಿ ಮಾತಾಡುವಂತಿಲ್ಲ, ಕೂಸು ಏಳುತ್ತದೆ. ರೇಡಿಯೋ ಹಾಕುವಂತಿಲ್ಲ, ಕೂಸು ಏಳುತ್ತದೆ. ನಿನ್ನೆ ನಾನೊಂದು ಸೀನು ಸೀನಿದ್ದಕ್ಕೆ ಮಗಳು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಮನೆಗೆ ಬೆಂಕಿ ಇಟ್ಟವಳನ್ನೂ ಯಾರೂ ಹಾಗೆ ನೋಡಲಾರರು. ನಾನು ಕೆಲಸ ಮಾಡುವ ಲಾಂಡ್ರಿಗೆ ಸೋಪಿನ ಪುಡಿ ಸರಬರಾಜು ಮಾಡುವವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಕಪಾಟಿನಲ್ಲಿ ಹಾಗೇ ಬಿದ್ದಿತ್ತು. ಪೆನ್ನಿಗೆ ಸದ್ದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಮಗಳು ಕೂಸನ್ನೆತ್ತಿಕೊಂಡು ನಮ್ಮಲ್ಲಿಗೆ ಬಂದು ವಾರವಾಯಿತು. ಅಳಿಯನಿಗೆ ಎಲ್ಲೋ ದೂರದ ಅಣೆಕಟ್ಟಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಹೆರಿಗೆ ರಜೆ ಮುಗಿದು ಇವಳು ಇವತ್ತು ಕೆಲಸಕ್ಕೆ ಮರಳಿದಳು. ನಗರದ ರೈಲು ಓಡಿಸುವವಳು ನನ್ನ ಮಗಳು. ಬೆಳಗ್ಗೆ ಸಮವಸ್ತ್ರದ ಗುಂಡಿ ಎದೆಯ ಹತ್ತಿರ ಕೂಡದೆ ಒದ್ದಾಡಿ, ಕೊನೆಗೆ ಪಿನ್ನು ಚುಚ್ಚಿಕೊಂಡು ಹೊರಟಳು. ಬಾಗಿಲ ತನಕ ಹೋಗುವುದು, ವಾಪಸು ಬಂದು ಕೂಸಿನ ಮೂಗಿನ ಹತ್ತಿರ ಬೆರಳಿಡುವುದು, ಮತ್ತೆ ಹೋಗುವುದು. ನೋಡಿ ನೋಡಿ ನನಗೇ ತಲೆ ಕೆಟ್ಟಿತು.

ಹಗಲಿನ ಹೊತ್ತು ಕೂಸಿನ ಜವಾಬ್ದಾರಿ ನಮ್ಮ ಮನೆಯವರದು. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿಯೇ ನಿವೃತ್ತರಾದವರು. ಕೂಸನ್ನೂ ಹಾಗೇ ಬೆರಳ ತುದಿಯಲ್ಲಿ ಎತ್ತುತ್ತಾರೆ, ಕೈಜಾರಿದರೆ ಅಕ್ಷರ ಮುರಿದೀತು ಅನ್ನುವ ಹಾಗೆ.

“ಮೊದಲನೇ ವಾರ ನೀನೂ ಮನೇಲಿರಮ್ಮಾ” ಎಂದು ಮಗಳು ಕೇಳಿದ್ದಳು.

“ನೀನು ಹುಟ್ಟಿ ತಿಂಗಳು ತುಂಬೋದ್ರೊಳಗೆ ನಾನು ಕೆಲಸಕ್ಕೆ ಹೋದೋಳು. ಈಗ ಮೊಮ್ಮಗಳಿಗೆ ರಜೆ ಹಾಕ್ತೀನಾ?” ಎಂದೆ.

ಅವಳು ಮತ್ತೆ ಕೇಳಲಿಲ್ಲ. ಕೂಸು ಎದ್ದಿತು. ನಿಲ್ಲಿಸುತ್ತೇನೆ.

ಏಪ್ರಿಲ್ ೯, ಬುಧವಾರ

ಲಾಂಡ್ರಿಯಲ್ಲಿ ಇವತ್ತು ಬೆಳಗಿನಿಂದ ಯಾವುದೂ ಸರಿಯಿಲ್ಲ. ಆಸ್ಪತ್ರೆಯ ಎಲ್ಲ ವಾರ್ಡುಗಳ ಹಾಸು, ಹೊದಿಕೆ, ಆಪರೇಷನ್ನಿನ ಹಸಿರು ಬಟ್ಟೆ, ಎಲ್ಲ ನಮ್ಮಲ್ಲಿಗೇ ಬರಬೇಕು, ಒಗೆದು ಒಣಗಿ ಮಡಿಕೆಯಾಗಿ ಮತ್ತೆ ಮೇಲೆ ಹೋಗಬೇಕು. ಒಂದು ಕಡೆ ಕೈ ನಿಂತರೆ ಎಲ್ಲ ಕಡೆಯೂ ನಿಲ್ಲುತ್ತದೆ. ನನ್ನ ಗಾಜಿನ ಕೋಣೆಯಿಂದ ಎಲ್ಲವೂ ಕಾಣುತ್ತದೆ, ಅದಕ್ಕೇ ಅಲ್ಲವೇ ಮೇಲ್ವಿಚಾರಕಿಗೆ ಗಾಜಿನ ಕೋಣೆ ಕೊಟ್ಟಿರುವುದು. ಇವತ್ತು ಕಂಡದ್ದೇನೆಂದರೆ, ಇಸ್ತ್ರಿ ಮಾಡುವ ಬಿಸಿ ಉರುಳೆಯಿಂದ ಹಾಸುಗಳು ಒಂದರ ಮೇಲೊಂದು ಬಂದು ಬೀಳುತ್ತಿವೆ, ಮಡಿಸುವ ಮೇಜಿನ ಒಂದು ತುದಿಯಲ್ಲಿ ಯಾರೂ ಇಲ್ಲ. ದೊಡ್ಡ ಹಾಸನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಎದುರು ತುದಿಯವಳು ಕೈಯಲ್ಲಿ ಎರಡು ಮೂಲೆ ಹಿಡಿದುಕೊಂಡು ಮದುವೆಗೆ ಹಾರ ಹಿಡಿದವಳ ಹಾಗೆ ನಿಂತಿದ್ದಾಳೆ.

ಕಾಣೆಯಾದವಳು ಗುಬ್ಬಿ. ಗುಬ್ಬಿ ಎಂಬುದು ಉಳಿದವರಿಟ್ಟ ಹೆಸರು, ಮೈ ಅಷ್ಟೇ ಇದೆ. ಬಾಣಂತನ ಮುಗಿಸಿ ಹೋದ ತಿಂಗಳು ಕೆಲಸಕ್ಕೆ ಬಂದವಳು. ದಿನವೂ ಹೀಗೇ. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಹೇಳದೆ ಕೇಳದೆ ಮಾಯ. ಬಂದಾಗ ಮುಖ ಕೆಂಪು, ಕಣ್ಣು ನೆಲಕ್ಕೆ.

“ಎಲ್ಲಿಗೆ ಹೋಗಿದ್ದೆ?”

“ಇಲ್ಲೇ ಮೇಡಂ.”

“ಇಲ್ಲೇ ಅಂದ್ರೆ ಎಲ್ಲಿ? ಇಲ್ಲೇ ಇದ್ದಿದ್ರೆ ನನಗೆ ಕಾಣ್ತಿರಲಿಲ್ವಾ?”

ಮೇಜಿಗೆ ಹೋಗಿ ಹಾಸಿನ ಮೂಲೆ ಹಿಡಿದಳು. ಈ ಕಾಲದ ಹುಡುಗಿಯರು ಮನೆಯನ್ನೂ ಜೊತೆಗೇ ಹೊತ್ತುಕೊಂಡು ಕೆಲಸಕ್ಕೆ ಬರುತ್ತಾರೆ. ನಾನು ಆ ಗೇಟು ದಾಟಿದ ಮೇಲೆ ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ಹಾಗಿದ್ದುದಕ್ಕೇ ಈ ಕುರ್ಚಿಯ ತನಕ ಬಂದೆ.

ಬೆನ್ನ ಹಿಂದೆ ನನ್ನನ್ನು ‘ಇಸ್ತ್ರಿ ಮೇಡಂ’ ಅನ್ನುತ್ತಾರಂತೆ. ಅನ್ನಲಿ. ಸುಕ್ಕಿಲ್ಲ ಎಂದ ಹಾಗಾಯಿತು.

ಏಪ್ರಿಲ್ ೧೫, ಮಂಗಳವಾರ

ಮ್ಯಾನೇಜರ್ ಕರೆದಿದ್ದರು. ನನ್ನ ಮಗಳ ವಯಸ್ಸಿನ ಹುಡುಗ, ಒಳ್ಳೆಯವನೇ, ಆದರೆ ಮಾತಾಡುವಾಗ ಕಂಪ್ಯೂಟರನ್ನೇ ನೋಡುತ್ತಾನೆ. ಆಪರೇಷನ್ ಕೊಠಡಿಗೆ ಹಸಿರು ಬಟ್ಟೆ ತಡವಾಗಿ ಹೋಯಿತೆಂದು ಮೇಲಿನಿಂದ ಬೈಗುಳ ಬಂದಿದೆ. ಮಡಿಸುವ ಮೇಜಿನಿಂದಲೇ ತಡ ಎಂದು ಅವನಿಗೂ ಗೊತ್ತಾಗಿದೆ.

“ಆ ಸಣ್ಣ ಹುಡುಗಿಯ ಕರಾರು ಈ ತಿಂಗಳು ಬಿಟ್ಟು ಮುಂದಿನ ತಿಂಗಳ ಕೊನೆಗೆ ಮುಗಿಯುತ್ತೆ ಮೇಡಂ. ಮುಂದುವರಿಸಬೇಕಾ ಬೇಡ್ವಾ, ನೀವೊಂದು ವರದಿ ಕೊಟ್ಬಿಡಿ. ನಿಮ್ಮ ಮಾತೇ ಕೊನೆ.”

“ಕೊಡ್ತೀನಿ” ಎಂದೆ. ಏನು ಬರೆಯುತ್ತೇನೆ ಎಂಬುದರಲ್ಲಿ ನನಗೇನೂ ಗೊಂದಲವಿರಲಿಲ್ಲ.

ಇನ್ನೊಂದು ಸುದ್ದಿ. ಮೇ ತಿಂಗಳಲ್ಲಿ ‘ತಾಯಂದಿರ ದಿನ’ ಮಾಡುತ್ತಾರಂತೆ. ಕೇಕು, ಹೂಗುಚ್ಛ, ಫೋಟೋ. ನಾನು ಭಾಷಣ ಮಾಡಬೇಕಂತೆ. ‘ಅತ್ಯುತ್ತಮ ತಾಯಿ’ ಯಾರೆಂದು ನಾನೇ ಆರಿಸಬೇಕಂತೆ. ಅದನ್ನು ಯಾವ ಅಳತೆಯಲ್ಲಿ ಆರಿಸುತ್ತಾರೋ ದೇವರೇ ಬಲ್ಲ. ಹಾಸಾಗಿದ್ದರೆ ಬೆಳಕಿಗೆ ಹಿಡಿದು ಕಲೆ ಇದೆಯೋ ಇಲ್ಲವೋ ನೋಡಬಹುದಿತ್ತು.

ಏಪ್ರಿಲ್ ೧೯, ಶನಿವಾರ

ಮನೆಗೆ ಬಂದಾಗ ಅಡುಗೆಮನೆಯ ನೆಲದ ಮೇಲೆ ಮಗಳು ಕಾಲು ಚಾಚಿ ಕೂತಿದ್ದಳು, ಸಮವಸ್ತ್ರವನ್ನೂ ಬದಲಾಯಿಸದೆ. ಇವರು ಗೋಡೆಗೆ ಒರಗಿ ತಪ್ಪು ಮಾಡಿದ ಶಾಲೆಯ ಹುಡುಗನ ಹಾಗೆ ನಿಂತಿದ್ದರು. ವಿಷಯ ಇಷ್ಟೇ: ಫ್ರಿಜ್ಜಿನಿಂದ ಹಾಲಿನ ಬಾಟಲಿ ತೆಗೆಯುವಾಗ ಇವರ ಕೈ ತಾಗಿ ಅದು ಉರುಳಿದೆ.

“ಇಷ್ಟಕ್ಕೆ ಅಳ್ತಾರೇನೇ? ಡಬ್ಬಿ ಹಾಲಿಲ್ವಾ?” ಎಂದೆ.

“ಇವತ್ತು ಇಡೀ ದಿನ ತೆಗೆದಿದ್ದು ಅಷ್ಟೇ ಅಮ್ಮಾ.” ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಕೊನೇ ನಿಲ್ದಾಣದಲ್ಲಿ ರೈಲು ತಿರುಗೋವಾಗ ಸ್ವಲ್ಪ ಹೊತ್ತು ಸಿಗುತ್ತೆ. ಟಾಯ್ಲೆಟ್ಟಲ್ಲಿ ನಿಂತ್ಕೊಂಡು, ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡ್ಕೊಂಡು ತೆಗೀತೀನಿ. ಅದರ ಚಿಲಕ ಕೆಟ್ಟಿದೆ.”

ಇವರು ಬಗ್ಗಿ ನೆಲ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸುತ್ತಿದ್ದರು. ನಾನು ಕೂಸನ್ನೆತ್ತಿಕೊಂಡು ಹೊರಗೆ ಹೋದೆ, ಒಳಗೆ ಸೆಖೆಯಿತ್ತು.

ಏಪ್ರಿಲ್ ೨೪, ಗುರುವಾರ

ಗುಬ್ಬಿಯ ಹಿಂದೆ ಹೋದೆ. ಇವತ್ತು ಹಿಡಿದೇ ಬಿಡಬೇಕೆಂದು ಬೆಕ್ಕಿನ ಹೆಜ್ಜೆ ಇಟ್ಟುಕೊಂಡೇ ಹೋದೆ.

ಕೊಳೆ ಬಟ್ಟೆಯ ಕೋಣೆಯಲ್ಲಿದ್ದಳು. ವಾರ್ಡುಗಳಿಂದ ಬಂದ ಮೂಟೆಗಳ ಸಂದಿಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು, ಸ್ಟೀಲಿನ ಲೋಟಕ್ಕೆ ಹಾಲು ಹಿಂಡಿಕೊಳ್ಳುತ್ತಿದ್ದಳು. ಆ ಕೋಣೆಗೆ ಗಂಡಸರು ಬರುವುದು ಕಡಿಮೆ. ವಾಸನೆಗೆ ಯಾರೂ ಬರುವುದಿಲ್ಲ.

ನನಗೆ ಮೈಯೆಲ್ಲ ಉರಿಯಿತು. “ಏನಿದು? ರಕ್ತ, ಕೀವು, ಎಲ್ಲ ಇರೋ ಬಟ್ಟೆ ಇಲ್ಲಿದೆ. ಇಲ್ಲಿ ಕೂತು ತೆಗೆದ ಹಾಲನ್ನ ಮಗೂಗೆ ಕುಡಿಸ್ತೀಯಾ? ಬುದ್ಧಿ ಇದೆಯಾ ನಿನಗೆ?”

ಅವಳು ಎದ್ದು ರವಿಕೆ ಸರಿಮಾಡಿಕೊಂಡಳು. ಲೋಟ ನೋಡಿದಳು. ಮುಕ್ಕಾಲು ತುಂಬಿತ್ತು. ನಾನು ಹೇಳಿದ್ದು ಸರಿಯೇ ಎನ್ನುವ ಹಾಗೆ ತಲೆಯಾಡಿಸಿ, ಮೂಲೆಯ ಮೋರಿಗೆ ಹೋಗಿ ಅಷ್ಟೂ ಸುರಿದುಬಿಟ್ಟಳು. ಲೋಟ ತೊಳೆದಳು. ಮೇಜಿಗೆ ಹೋಗಿ ಮಡಿಸತೊಡಗಿದಳು.

ನಾನು ಹೇಳಿದ್ದು ಸರಿಯೇ. ಆ ಕೋಣೆ ಕೊಳಕು.

ಏಪ್ರಿಲ್ ೨೫, ಶುಕ್ರವಾರ

ನಿದ್ದೆ ಬರಲಿಲ್ಲ. ಕೂಸು ಅಳುತ್ತಿತ್ತು. ಇವರು ಮಾತ್ರ, “ಅದು ಅತ್ತಿದ್ದೆಲ್ಲಿ? ನೀನೇ ಹೊರಳಾಡ್ತಿದ್ದೆ” ಎನ್ನುತ್ತಾರೆ.

ಮೇ ೨, ಶುಕ್ರವಾರ

ಮಗಳಿಗೆ ಜ್ವರ. ಹೊದ್ದುಕೊಂಡರೂ ಗಡಗಡ ನಡುಗುತ್ತಿದ್ದಾಳೆ. ನಿನ್ನೆ ರೈಲುಗಳು ತಡವಾಗಿ ಓಡುತ್ತಿದ್ದವಂತೆ. ತಿರುಗುವ ಹೊತ್ತಿನಲ್ಲಿ ಬಿಡುವೇ ಸಿಗಲಿಲ್ಲ. ಒಂದು ಎದೆ ಕಲ್ಲಿನ ಹಾಗಾಗಿದೆ, ಮುಟ್ಟಿದರೆ ಸುಡುತ್ತದೆ. ಹಾಲು ಕಟ್ಟಿಕೊಂಡಿದೆ.

ಡಾಕ್ಟರಮ್ಮ ಬಂದು ನೋಡಿ ಮಾತ್ರೆ ಕೊಟ್ಟರು. ಬಿಸಿನೀರಿನ ಬಟ್ಟೆ ಹಾಕಬೇಕು, ಮೆಲ್ಲಗೆ ಒತ್ತಿ ಒತ್ತಿ ಹಾಲು ತೆಗೆಯಬೇಕು, ಕೂಸಿಗೆ ಕುಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಕೀವಾಗುತ್ತದೆ ಎಂದರು. ನಾನು ಲಾಂಡ್ರಿಗೆ ಫೋನು ಮಾಡಿ ಬರುವುದಿಲ್ಲ ಎಂದೆ. ಆ ಕಡೆ ಫೋನು ಹಿಡಿದವಳು, “ಯಾರು, ನಮ್ಮ ಮೇಡಮ್ಮಾ?” ಎಂದು ಮತ್ತೆ ಮತ್ತೆ ಕೇಳಿದಳು.

ಮಧ್ಯಾಹ್ನದವರೆಗೂ ಅವಳ ಪಕ್ಕದಲ್ಲಿ ಕೂತು ಬಟ್ಟೆ ಹಿಂಡಿ ಹಾಕಿದೆ. ಅವಳಿಗೆ ಹತ್ತು ವರ್ಷವಾದ ಮೇಲೆ ಮೈ ಮುಟ್ಟಿ ಹೀಗೆ ಆರೈಕೆ ಮಾಡಿದ್ದು ನೆನಪಿಲ್ಲ. ಒತ್ತಿದಾಗ ಹಲ್ಲು ಕಚ್ಚಿ ನನ್ನ ಸೆರಗನ್ನು ಹಿಡಿದುಕೊಳ್ಳುತ್ತಿದ್ದಳು. ಗಂಟು ಕರಗಿ ಹಾಲು ಇಳಿಯಲು ಶುರುವಾದಾಗ ಅವಳ ಮುಖ ಸಡಿಲವಾಯಿತು. ಹಾಗೇ ನಿದ್ದೆ ಹೋದಳು, ಬಾಯಿ ತೆರೆದುಕೊಂಡು, ಪಕ್ಕದಲ್ಲಿ ಕೂಸೂ ಬಾಯಿ ತೆರೆದುಕೊಂಡು. ಯಾರು ಯಾರ ಅಚ್ಚು ಎಂದು ಇವರು ಬಾಗಿಲಲ್ಲಿ ನಿಂತು ನಕ್ಕರು.

“ನಿನಗೂ ಹೀಗಾಗಿತ್ತಾ ಆಗ?” ಎಂದು ಕೇಳಿದರು.

“ನೀವು ಹೋಗಿ, ಚಹಾ ಮಾಡಿ” ಎಂದೆ.

ಮೇ ೫, ಸೋಮವಾರ

ಮಗಳ ಜ್ವರ ಬಿಟ್ಟಿದೆ. ನಾನು ಕೆಲಸಕ್ಕೆ ಹೋದೆ.

ನನ್ನ ಕೋಣೆಗೆ ಬೆಳಗಿನ ಬಿಸಿಲು ನೇರ ಹೊಡೆಯುತ್ತದೆ. ಕಣ್ಣಿಗೆ ಒಳ್ಳೆಯದಲ್ಲ. ಹಳೆಯ ಪೇಪರು ತರಿಸಿ ಗಾಜಿಗೆಲ್ಲ ಅಂಟಿಸಿದೆ. ಬಿಸಿಲು ಬೀಳದ ಕಡೆಯ ಗಾಜಿಗೂ ಅಂಟಿಸಿದೆ, ಒಂದು ಕಡೆ ಮಾತ್ರ ಹಾಕಿದರೆ ಚೆನ್ನಾಗಿ ಕಾಣುವುದಿಲ್ಲ.

ಮೇ ೬, ಮಂಗಳವಾರ

ಗುಬ್ಬಿ ಈಗ ಎಲ್ಲಿಗೂ ಹೋಗುತ್ತಿಲ್ಲ. ಮೇಜಿನ ಹತ್ತಿರವೇ ಇರುತ್ತಾಳೆ. ಹಾಸು ಮಡಿಸುವಾಗ ಕೈ ಎದೆಯ ಮಟ್ಟಕ್ಕೆ ಬಂದಾಗೆಲ್ಲ ಹುಬ್ಬು ಗಂಟಿಕ್ಕುತ್ತದೆ. ಹತ್ತಿರ ಕರೆದು ಕೈ ಹಿಡಿದೆ. ಬಿಸಿ.

“ಮಗೂನ ಯಾರು ನೋಡ್ಕೊಳ್ತಾರೆ?”

“ನಾದಿನಿ, ಮೇಡಂ. ಡಬ್ಬಿ ಹಾಲು ಕೊಟ್ಟರೆ ಕಕ್ಕುತ್ತೆ. ಸಾಯಂಕಾಲ ನಾನು ಹೋಗೋ ತನಕ ಗಂಜಿ ತಿಳಿ ಕುಡ್ಕೊಂಡು ಇರುತ್ತೆ.” ಕೈ ಬಿಡಿಸಿಕೊಂಡು, “ನಾನು ಈಗ ಎದ್ದು ಹೋಗ್ತಿಲ್ಲ ಮೇಡಂ. ನೀವು ಆವತ್ತು ಹೇಳಿದ ಮೇಲೆ ಒಂದು ದಿನಾನೂ ಹೋಗಿಲ್ಲ” ಎಂದಳು. ನನ್ನಿಂದ ಶಹಬ್ಬಾಸ್ ಬರುತ್ತದೆ ಎಂದು ಕಾಯುವವಳ ಹಾಗೆ.

ನನ್ನ ಕೋಣೆಯ ಬೀಗದ ಕೈ ಅವಳ ಕೈಗೆ ಕೊಟ್ಟು, “ನನ್ನ ಕನ್ನಡಕ ಕೋಣೆಯಲ್ಲಿ ಎಲ್ಲೋ ಇಟ್ಟು ಮರೆತಿದ್ದೀನಿ. ಹೋಗಿ ಹುಡುಕು. ಒಳಗಿನಿಂದ ಚಿಲಕ ಹಾಕ್ಕೋ, ಗಾಳಿಗೆ ಬಾಗಿಲು ಬಡ್ಕೊಳ್ಳುತ್ತೆ. ಕೈ ತೊಳೆಯೋಕೆ ಸೋಪು ಅಲ್ಲೇ ಇದೆ. ನಿಧಾನವಾಗಿ ಹುಡುಕು” ಎಂದೆ.

ಅವಳು ನನ್ನ ಮುಖ ನೋಡಿದಳು. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು.

ಅವಳಿಲ್ಲದಾಗ ಮೇಜಿನ ತುದಿ ಖಾಲಿ ಬಿಡುವುದು ಹೇಗೆ? ನಾನೇ ಹೋಗಿ ನಿಂತೆ. ಕೈಗೆ ಅಭ್ಯಾಸ ತಪ್ಪಿದೆ. ಎದುರಿನವಳು ಎಡಕ್ಕೆ ಮಡಿಸಿದರೆ ನಾನು ಬಲಕ್ಕೆ. ಎಲ್ಲರೂ ನಗು ತಡೆದುಕೊಂಡದ್ದು ನನಗೆ ಕಂಡಿತು.

ಮೇ ೮, ಗುರುವಾರ

ಕನ್ನಡಕ ಎರಡು ಸಲ ಕಳೆಯಿತು. ಸೊಂಟ ನೋಯುತ್ತಿದೆ.

ಒಗೆಯುವ ಯಂತ್ರದ ಹತ್ತಿರದ ದಪ್ಪನೆಯವಳು ಬಂದು, “ಮೇಡಂ, ನಾಳೆಯಿಂದ ಇಸ್ತ್ರಿ ವಿಭಾಗಕ್ಕೆ ಇನ್ನೊಬ್ಬಳು ಬಾಣಂತಿ ಬರ್ತಾಳಂತೆ. ನಿಮ್ಮ ಕನ್ನಡಕ ಅವಳೂ ಹುಡುಕಬಹುದಾ?” ಎಂದಳು. ಮುಖದಲ್ಲಿ ಒಂದು ಚೂರೂ ನಗುವಿಲ್ಲ.

“ನಿನ್ನ ಕೆಲಸ ನೋಡು” ಎಂದೆ. ಆಮೇಲೆ, “ಹುಡುಕಲಿ” ಎಂದೆ.

ಮೇ ೧೦, ಶನಿವಾರ

ತಾಯಂದಿರ ದಿನ ಆಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಊಟದ ಕೋಣೆಯಲ್ಲಿ ಬ್ಯಾನರ್ ಕಟ್ಟಿದ್ದರು. ಬ್ಯಾನರಿನ ತಾಯಿ ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗಿದ್ದಳು. ತೋಳಿನಲ್ಲಿದ್ದ ಮಗು ಹುಟ್ಟಿದಂದಿನಿಂದ ಅತ್ತ ಕುರುಹೇ ಇಲ್ಲ. ಕೆಲಸದ ಹೊತ್ತು ಹಾಳಾಗಬಾರದೆಂದು ಕಾರ್ಯಕ್ರಮವನ್ನು ಪಾಳಿ ಮುಗಿದ ಮೇಲೆ ಇಟ್ಟಿದ್ದರು. ಕುರ್ಚಿ ಹಾಕಿದವರು ತಾಯಂದಿರು. ಕೇಕಿಗೆ ತಟ್ಟೆ ತೊಳೆದಿಟ್ಟವರೂ ತಾಯಂದಿರೇ. ಮೇಲಿನ ಸಾಹೇಬರು ಬರುತ್ತಾರೆಂದು ಎಲ್ಲರನ್ನೂ ಸಾಲಾಗಿ ಕೂರಿಸಿದರು. ಸಾಹೇಬರು ಬರಲಿಲ್ಲ, ಬರಲಿಲ್ಲ, ಬರಲಿಲ್ಲ.

ಹೆಂಗಸರು ಕೈಯಲ್ಲಿ ಒಂದೊಂದು ಗುಲಾಬಿ ಹಿಡಿದುಕೊಂಡು ಗೋಡೆ ಗಡಿಯಾರ ನೋಡುತ್ತಿದ್ದರು. ಒಬ್ಬಳು ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು: “ಬಾಗಿಲು ಹಾಕ್ಕೊಂಡು ಕೂತ್ಕೋ ಪುಟ್ಟಾ, ಒಲೆ ಹತ್ರ ಹೋಗ್ಬೇಡ. ಇಲ್ಲಿ ಅಮ್ಮಂಗೆ ಸನ್ಮಾನ ಮಾಡ್ತಿದ್ದಾರೆ, ಮುಗಿದ ತಕ್ಷಣ ಬರ್ತೀನಿ.” ಗುಬ್ಬಿ ಮೊದಲ ಸಾಲಿನಲ್ಲಿದ್ದಳು, ಸಣ್ಣವಳೆಂದು ಫೋಟೋದವನು ಮುಂದೆ ಕೂರಿಸಿದ್ದ. ನೋಡುತ್ತಿದ್ದ ಹಾಗೇ ಅವಳ ರವಿಕೆಯ ಮೇಲೆ ಒದ್ದೆ ಕಲೆ ಹರಡಿತು. ಅವಳು ಗುಲಾಬಿಯನ್ನು ಮೇಲೆತ್ತಿ ಕಲೆಗೆ ಅಡ್ಡ ಹಿಡಿದಳು. ಫೋಟೋದವನು, “ಹೂವು ಕೆಳಗಿಳಿಸಮ್ಮಾ, ಮುಖ ಕಾಣ್ಲಿ” ಎನ್ನುತ್ತಿದ್ದ.

ಮ್ಯಾನೇಜರು ಸಾಹೇಬರಿಗಾಗಿ ಕಾದು ಸಾಕಾಗಿ, “ಮೇಡಂ, ಅಲ್ಲಿವರೆಗೆ ನೀವು ಭಾಷಣ ಶುರು ಮಾಡಿ” ಎಂದರು.

ಬರೆದುಕೊಂಡು ಹೋಗಿದ್ದ ಹಾಳೆ ಕೈಯಲ್ಲಿತ್ತು. ತ್ಯಾಗ, ಸಹನೆ, ದೇವರ ರೂಪ, ಎಲ್ಲ ಬರೆದಿದ್ದೆ. ಎದ್ದು ನಿಂತೆ. ಹಾಳೆಯನ್ನು ಹಾಸಿನ ಹಾಗೆ ನಾಲ್ಕು ಮಡಿಕೆ ಮಾಡಿದೆ.

“ಎಲ್ಲರೂ ಮನೆಗೆ ಹೋಗಿ” ಎಂದೆ.

ಯಾರೂ ಏಳಲಿಲ್ಲ. ತಮಾಷೆ ಎಂದುಕೊಂಡರೇನೋ. ನಾನು ತಮಾಷೆ ಮಾಡಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಅವರಿಗೂ ಗೊಂದಲ.

“ಮಕ್ಕಳು ಕಾಯ್ತಿವೆ. ಕೇಕು ಕಟ್ಟಿಕೊಂಡು ಹೋಗಿ. ಅತ್ಯುತ್ತಮ ತಾಯಿ ಯಾರು ಅಂತ ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಒಬ್ಬಳನ್ನ ನಿಲ್ಲಿಸಿ ಉಳಿದವರನ್ನ ಕೂರಿಸೋದು ನನ್ನಿಂದಾಗಲ್ಲ. ಏಳಿ, ಏಳಿ. ಬಸ್ಸು ಹೋಗುತ್ತೆ.”

ಕುರ್ಚಿ ಸರಿದ ಸದ್ದು ಹೇಗಿತ್ತೆಂದರೆ ಶಾಲೆ ಬಿಟ್ಟ ಹಾಗಿತ್ತು. ಮ್ಯಾನೇಜರ ಮುಖ ಇಷ್ಟಗಲ ಊದಿತು. ಮನೆಗೆ ಬಂದು ಇವರಿಗೆ ಹೇಳಿದೆ. “ಹಾಗಾದರೆ ನಿನ್ನ ಗುಲಾಬಿ ಎಲ್ಲಿ?” ಎಂದರು. ಎಲ್ಲೋ ಬಿಟ್ಟು ಬಂದಿದ್ದೆ.

ಮೇ ೧೨, ಸೋಮವಾರ

ಬೆಳಗ್ಗೆಯೇ ಮ್ಯಾನೇಜರಿಂದ ಕರೆ. ಇವತ್ತು ಕಂಪ್ಯೂಟರು ನೋಡಲಿಲ್ಲ, ನನ್ನನ್ನೇ ನೋಡಿದ.

“ನಾನು ಒಳ್ಳೇದಕ್ಕೇ ಮಾಡಿದ್ದು ಮೇಡಂ. ಎಲ್ಲರೆದುರು ನನ್ನ ಮರ್ಯಾದೆ ತೆಗೆದ್ರಿ.” ದನಿ ಸಣ್ಣಗಾಗಿತ್ತು, ನಿಜವಾಗಿಯೂ ನೊಂದಿದ್ದ.

“ಒಳ್ಳೇದಕ್ಕೆ ಅಂತ ಗೊತ್ತಪ್ಪ” ಎಂದೆ. ಅಪ್ಪ ಎಂದು ಬಾಯಿ ತಪ್ಪಿ ಬಂತು. “ಹೂವು ಬೇಕಾಗಿರಲಿಲ್ಲ ಅವರಿಗೆ. ಒಂದು ಬಾಗಿಲು ಬೇಕು. ಒಳಗಿನಿಂದ ಚಿಲಕ ಹಾಕ್ಕೊಳ್ಳೋ ಬಾಗಿಲು, ಒಂದು ಕುರ್ಚಿ, ನೀರು, ಒಂದು ಸಣ್ಣ ಫ್ರಿಜ್ಜು.”

ಅವನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಕೊಳೆ ಬಟ್ಟೆಯ ಕೋಣೆಯ ಕಥೆಯನ್ನೂ, ಲೋಟ ಮೋರಿಗೆ ಸುರಿದದ್ದನ್ನೂ, ಸುರಿಯುವ ಹಾಗೆ ಮಾಡಿದ್ದು ಯಾರು ಎಂಬುದನ್ನೂ. ಕೇಳುತ್ತಾ ಕೇಳುತ್ತಾ ಅವನ ಕಿವಿ ಕೆಂಪಾಯಿತು.

“ನನ್ನ ಹೆಂಡ್ತಿ ಶಾಲೇಲಿ ಟೀಚರು. ನಮ್ಮ ಮಗೂಗೂ ಈಗ ಐದು ತಿಂಗಳು” ಎಂದ. “ಅವಳು ಎಲ್ಲಿ ತೆಗೀತಾಳೋ ನಾನು ಕೇಳೇ ಇಲ್ಲ.”

“ಇವತ್ತು ಹೋಗಿ ಕೇಳಿ.”

“ಆದರೆ ಜಾಗ ಎಲ್ಲಿದೆ ಮೇಡಂ? ಇರೋ ಕೋಣೆಗಳೆಲ್ಲ ತುಂಬಿವೆ” ಎಂದ.

“ನನ್ನ ಕೋಣೆ ಇದೆ. ಪೇಪರು ಆಗಲೇ ಅಂಟಿಸಿದೆ.”

“ನೀವು?”

“ಉರುಳೆ ಹತ್ರ ಒಂದು ಮೇಜು ಹಾಕಿಸಿ. ಗಾಜಿನ ಹಿಂದೆ ಕೂತು ಕೂತು ಕಿವಿ ಮಂದವಾಗಿದೆ, ಯಂತ್ರದ ಸದ್ದು ಸರಿಯಿದೆಯೋ ಇಲ್ವೋ ತಿಳಿಯಲ್ಲ.”

ಇದು ನಿಜವೇ. ಆ ಕೋಣೆ ಮೊದಲಿನಿಂದಲೂ ನನಗೆ ಸೆಖೆ.

ಮೇ ೧೬, ಶುಕ್ರವಾರ

ಉರುಳೆಯ ಹತ್ತಿರ ನಿಜಕ್ಕೂ ಸೆಖೆ. ಕೂದಲೆಲ್ಲ ಹಬೆಗೆ ಅಂಟಿಕೊಳ್ಳುತ್ತದೆ. ‘ಇಸ್ತ್ರಿ ಮೇಡಂ’ ಸುಕ್ಕಾದಳು.

ಗುಬ್ಬಿಯ ವರದಿ ಕೊಟ್ಟೆ. ಹೆಚ್ಚು ಬರೆಯಲಿಲ್ಲ. ಕೆಲಸ ಚೊಕ್ಕ, ಮುಂದುವರಿಸಬೇಕು. ಮಡಿಸುವ ಮೇಜಿಗೆ ಇನ್ನೊಬ್ಬಳು ಬೇಕು, ಆ ಕೊರತೆ ಮೊದಲಿನಿಂದಲೂ ಇದೆ, ನಾನೇ ಕೇಳಿರಲಿಲ್ಲ ಎಂದು ಬರೆದೆ. ಇನ್ನೊಬ್ಬಳನ್ನು ಕೊಡುವುದಿಲ್ಲವಂತೆ. ಹಸಿರು ಬಟ್ಟೆ ಒಂದು ದಿನ ತಡವಾಗಿ ಮೇಲಿನಿಂದ ನನಗೂ ಒಂದು ಬೈಗುಳ ಬಂತು. ಗುಬ್ಬಿಯನ್ನು ಮಾತ್ರ ಮುಂದುವರಿಸಿದ್ದಾರೆ. ಅವಳಿಗೆ ಹೇಳಿದಾಗ ಬಗ್ಗಿ ಕಾಲು ಮುಟ್ಟಲು ಬಂದಳು. ಗದರಿಸಿ ಎಬ್ಬಿಸಿದೆ. ಎಬ್ಬಿಸುವಾಗ ಭುಜ ಹಿಡಿದ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು, ನೆಲ ಜಾರುತ್ತಿತ್ತು, ಅದಕ್ಕೆ.

ಮೇ ೨೫, ಭಾನುವಾರ

ಇವತ್ತು ನನಗೆ ರಜೆ, ಮಗಳಿಗೆ ಇಲ್ಲ. ಇವರು ಎದ್ದಾಗಿನಿಂದ ಒಂದೇ ಹಟ: “ಕೂಸನ್ನ ಅವರಮ್ಮನ ರೈಲಲ್ಲಿ ಕೂರಿಸೋಣ.” ಮಗಳು ಆ ಕೆಲಸಕ್ಕೆ ಸೇರಿ ಇಷ್ಟು ವರ್ಷವಾದರೂ ಅವಳ ರೈಲನ್ನು ನಾನು ಹತ್ತಿರಲಿಲ್ಲ. ಬಸ್ಸು ನಮ್ಮ ಮನೆಯೆದುರೇ ನಿಲ್ಲುತ್ತದೆ, ರೈಲು ಯಾಕೆ ಬೇಕಿತ್ತು?

ಮೊದಲೇ ಫೋನಿನಲ್ಲಿ ಹೇಳಿದ್ದೆವು, ಅವಳ ಗಾಡಿ ಯಾವುದೆಂದು ಗೊತ್ತಿತ್ತು. ಹತ್ತಿ ಕೂತೆವು. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಕೂಸಿನ ಗಲ್ಲ ಸವರಿ, “ಈ ಗಾಡೀನ ಹೆಂಗಸು ಓಡಿಸ್ತಿದ್ದಾಳಂತೆ ನೋಡಿ” ಎಂದರು. ಹೊಗಳುತ್ತಿದ್ದಾರೋ ಹೆದರಿದ್ದಾರೋ ಗೊತ್ತಾಗಲಿಲ್ಲ.

“ಇದರ ತಾಯಿ” ಎಂದೆ, ಕೂಸನ್ನು ತೋರಿಸಿ. ಅವರು ಕೂಸನ್ನೂ ನೋಡಿದರು, ರೈಲಿನ ಮುಂಭಾಗವನ್ನೂ ನೋಡಿದರು. ಆಮೇಲೆ ಇಳಿಯುವ ತನಕ ಕೂಸಿನ ಕಾಲು ಬಿಡಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಗಾಡಿ ತಿರುಗಿ ಹೋಗಬೇಕಾದರೆ ಓಡಿಸುವವರು ಈ ತುದಿಯಿಂದ ಆ ತುದಿಗೆ ನಡೆದು ಹೋಗಬೇಕು. ಮಗಳು ಬರುವುದು ದೂರದಿಂದ ಕಂಡಿತು. ಟೋಪಿ, ಹೆಗಲಿಗೆ ಚೀಲ, ಬೀಸು ನಡಿಗೆ. ಜನ ತಾವಾಗಿಯೇ ಅವಳಿಗೆ ದಾರಿ ಬಿಡುತ್ತಿದ್ದರು. ಮನೆಯಲ್ಲಿ ಅವಳು ಹೀಗೆ ನಡೆಯುವುದಿಲ್ಲ. ಒಂದು ಗಳಿಗೆ ಯಾರೋ ಬೇರೆಯವಳು ಅನಿಸಿತು. ಕೂಸಿಗೆ ಮಾತ್ರ ಅನಿಸಲಿಲ್ಲ, ಕೈಕಾಲು ಬಡಿದು ಚೀರಿತು.

ನೌಕರರ ವಿಶ್ರಾಂತಿ ಕೋಣೆಗೆ ಕರೆದುಕೊಂಡು ಹೋದಳು. ಅವಳ ಸಹೋದ್ಯೋಗಿ, ಮೀಸೆಯ ಮನುಷ್ಯ, ನಮ್ಮನ್ನು ಕಂಡದ್ದೇ ಚಹಾ ಲೋಟ ಎತ್ತಿಕೊಂಡು ಹೊರಗೆ ಹೋಗಿ ಬಾಗಿಲೆಳೆದುಕೊಂಡರು. “ಜ್ವರ ಬಂದಾಗಿನಿಂದ ಹೀಗೆ, ನಾನು ಬಂದ್ರೆ ಎಲ್ಲರೂ ಎದ್ದು ಹೋಗ್ತಾರೆ” ಎಂದು ಮಗಳು ನಕ್ಕಳು. ಇವರೂ ಹೊರಗೆ ಆ ಮೀಸೆಯವರ ಜೊತೆ ನಿಂತರು.

ಕೂಸು ಕುಡಿಯತೊಡಗಿತು. ಗುಟುಕು ಗುಟುಕು ಸದ್ದು ಬಿಟ್ಟರೆ ಏನೂ ಇಲ್ಲ.

“ಅಮ್ಮಾ” ಎಂದಳು ಮಗಳು, ಕೂಸಿನ ತಲೆ ನೋಡುತ್ತಲೇ. “ನಾನು ಹುಟ್ಟಿ ತಿಂಗಳೊಳಗೆ ಕೆಲಸಕ್ಕೆ ಹೋದೆ ಅಂತೀಯಲ್ಲ. ಹಾಲು ಏನ್ಮಾಡ್ತಿದ್ದೆ? ಎಲ್ಲಿ ತೆಗೀತಿದ್ದೆ?”

ಕೂಸಿನ ಪಾದ ಹಿಡಿದುಕೊಂಡೆ.

“ತೆಗೀತಿರಲಿಲ್ಲ. ಎದೆಗೆ ಹಾಸಿನ ಬಟ್ಟೆ ಹರಿದು ಬಿಗಿಯಾಗಿ ಕಟ್ಕೊಳ್ತಿದ್ದೆ. ಜ್ವರ ಬರ್ತಿತ್ತು, ಹೋಗ್ತಿತ್ತು. ಆಮೇಲೆ ಬತ್ತಿಹೋಯ್ತು. ನಿನ್ನನ್ನ ನಿಮ್ಮಜ್ಜಿ ಗಂಜಿ ತಿಳೀಲೇ ಸಾಕಿದ್ರು.”

“ಅಪ್ಪಂಗೆ ಗೊತ್ತಾ?”

“ಇಲ್ಲ.”

“ಲಾಂಡ್ರೀಲಿ ಯಾರಿಗಾದರೂ?”

“ಗೇಟು ದಾಟಿದ ಮೇಲೆ ನಾನು ಯಾರ ತಾಯಿಯೂ ಅಲ್ಲ ಅಂತ ಅಂದ್ಕೊಂಡಿದ್ದೆ. ಹಾಗಂದ್ಕೊಂಡ್ರೆ ನೋವು ಸ್ವಲ್ಪ ಕಡಿಮೆ ಆಗ್ತಿತ್ತು.”

ಅವಳು ಕೂಸನ್ನು ಹಿಡಿದಿದ್ದ ಕೈ ಬಿಡದೆ, ಟೋಪಿಯ ಸಮೇತ ತಲೆಯನ್ನು ನನ್ನ ಎದೆಗೆ ಒರಗಿಸಿದಳು. ಟೋಪಿಯ ಅಂಚು ಗಲ್ಲಕ್ಕೆ ಚುಚ್ಚುತ್ತಿತ್ತು. ಸರಿಸಿಕೊಳ್ಳಲು ಮನಸ್ಸಾಗಲಿಲ್ಲ. ನಾವು ಮೂವರೂ ಹಾಗೇ ಕೂತಿದ್ದೆವು, ಹೊರಗಿನಿಂದ ಮೀಸೆಯವರು ಮೆಲ್ಲಗೆ ಬಾಗಿಲು ತಟ್ಟಿ, “ಗಾಡಿ ಹೊತ್ತಾಯ್ತು ತಂಗೀ” ಎನ್ನುವ ತನಕ.

ಅವಳು ಎದ್ದು ಕಣ್ಣೊರೆಸಿಕೊಂಡಳು, ಗುಂಡಿ ಹಾಕಿಕೊಂಡಳು, ನಿದ್ದೆ ಹೋಗಿದ್ದ ಕೂಸನ್ನು ನನ್ನ ತೋಳಿಗೆ ಕೊಟ್ಟಳು.

“ಮೊದಲನೇ ಡಬ್ಬಿಯಲ್ಲೇ ಕೂತ್ಕೊಳ್ಳಮ್ಮಾ, ನನ್ನ ಹಿಂದೇನೇ” ಎಂದು ಹೇಳಿ ಬೀಸು ನಡಿಗೆಯಲ್ಲಿ ಹೋದಳು.

ನಾವು ಮೊದಲನೇ ಡಬ್ಬಿಯಲ್ಲಿ ಕೂತೆವು. ಗೋಡೆಯ ಆ ಕಡೆ ಅವಳು, ಈ ಕಡೆ ನಾವು. ಬಾಗಿಲುಗಳು ಮುಚ್ಚಿದವು. ಕೂಸು ಬೆಚ್ಚೀತೆಂದು ನಾನು ತೋಳು ಬಿಗಿ ಮಾಡಿ ಕಾದೆ, ಇನ್ನೇನು ಜಗ್ಗುತ್ತದೆ, ಇನ್ನೇನು ಜಗ್ಗುತ್ತದೆ ಎಂದು. ಇವರು ಕಿಟಕಿಯ ಕಡೆ ಕೈ ತೋರಿಸಿದಾಗಲೇ ನನಗೆ ಗೊತ್ತಾದದ್ದು. ನಿಲ್ದಾಣ ಆಗಲೇ ಹಿಂದೆ ಬಿದ್ದಿತ್ತು. ಅಷ್ಟು ಮೆತ್ತಗೆ ಹೊರಡಿಸಿದ್ದಳು.